ಸಾರಾಂಶವೋ, ಪೀಠಿಕೆಯೋ?

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಆರಂಭವಾದ ಮೇಲೆ ನಮ್ಮ ಶಾಲೆಗಳಲ್ಲಿ ಯೋಜನಾ ವರದಿ ಬರೆಯುವ ರೂಢಿ ಬೆಳೆಯಿತು. ವರದಿಯಲ್ಲಿ ಎಲ್ಲರೂ ಓದುವ ಭಾಗ ಸಾರಾಂಶ. ಅತಿ ಕಡಿಮೆ ಶ್ರಮದಿಂದ ಬರೆಯುವ ಭಾಗವೂ ಅದೇ! ಕಾಲೇಜು ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳೂ ಇದಕ್ಕೆ ಹೊರತಲ್ಲ.

ಮಳವಳ್ಳಿ ಕಡೆಯ ವಿದ್ಯಾರ್ಥಿಗಳು ಕೊಳವೆ ಬಾವಿಯ ನೀರಿನಲ್ಲಿ ರಾಗಿ ಹೇಗೆ ಮೊಳೆಯುತ್ತದೆಂದು ಪರೀಕ್ಷಿಸಿದರೆನ್ನಿ. ಸಾರಾಂಶ ಸಾಮಾನ್ಯವಾಗಿ ಹೀಗಿರುತ್ತದೆ: “ನೀರು ಜೀವಜಲ. ರಾಗಿ ನಮ್ಮ ಪ್ರಮುಖ ಆಹಾರ ಧಾನ್ಯ. ನೀರಿನ ಗುಣಮಟ್ಟವು ರಾಗಿಯ ಮೇಲೆ ಬೀರುವ ಪರಿಣಾಮವನ್ನು ಇಲ್ಲಿ ಅಧ್ಯಯನ ಮಾಡಲಾಗಿದೆ. ಫಲಿತಾಂಶಗಳನ್ನು ಚರ್ಚಿಸಲಾಗಿದೆ. ರೈತರು ಉಪ್ಪು ನೀರನ್ನು ಬಳಸಬಾರದು.”

ಮೊದಲೆರಡು ವಾಕ್ಯಗಳು ಎಲ್ಲರಿಗೂ ಗೊತ್ತಿರುವ ಸಂಗತಿ. ಅವು ಪೀಠಿಕೆಗೆ ಸೇರಬೇಕು. ಮೂರನೆಯದು ವಿಷಯ ಹೇಳುತ್ತದೆ, ವಿಧಾನ ಹೇಳುವುದಿಲ್ಲ. ನಾಲ್ಕನೆಯದು ಫಲಿತಾಂಶವನ್ನು ಮುಚ್ಚಿಡುತ್ತದೆ. ಕೊನೆಯದು ಎಲ್ಲಕ್ಕಿಂತ ಅಪಾಯಕಾರಿ. ಪರೀಕ್ಷಿಸಿದ್ದು ಮೊಳಕೆಯನ್ನು, ಇಳುವರಿಯನ್ನಲ್ಲ. ಬೇರೆ ನೀರಿನ ಆಸರೆಯಿಲ್ಲದ ರೈತನೊಬ್ಬ ಇದನ್ನು ನಂಬಿ ಬಿತ್ತನೆಯನ್ನೇ ಬಿಟ್ಟರೆ ಹೊಣೆ ಯಾರದು?

ಅದನ್ನೇ ಹೀಗೆ ಬರೆಯಬಹುದು (ಅಂಕಿಗಳು ಮಾದರಿಗಾಗಿ ಮಾತ್ರ): “ಮೂರು ಕೊಳವೆ ಬಾವಿಗಳ ನೀರಿನಲ್ಲಿಯೂ ಮಳೆನೀರಿನಲ್ಲಿಯೂ ತಲಾ 100 ರಾಗಿ ಕಾಳುಗಳನ್ನು 5 ದಿನ ಮೊಳೆಯಲು ಬಿಡಲಾಯಿತು. ಮಳೆನೀರಿನಲ್ಲಿ 92, ಅತಿ ಹೆಚ್ಚು ಉಪ್ಪಿದ್ದ ನೀರಿನಲ್ಲಿ 61 ಕಾಳುಗಳು ಮೊಳೆತವು. ಉಪ್ಪು ಹೆಚ್ಚಿದಂತೆ ಮೊಳಕೆ ಕಡಿಮೆಯಾಯಿತು. ಇಳುವರಿಯನ್ನು ಪರೀಕ್ಷಿಸಿಲ್ಲ.” ಉದ್ದ ಹೆಚ್ಚೇನೂ ಬೆಳೆಯಲಿಲ್ಲ; ಹುರುಳು ಬಂತು.

ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ಪಡೆದ ತಳಿಗಳ ಹೆಸರು ‘ಇಂಡಾಫ್’. ಇಂಡಿಯಾ, ಆಫ್ರಿಕಾ ಎರಡೂ ಸೇರಿದ ಆ ಪದದಲ್ಲೇ ಕೆಲಸದ ತಿರುಳಿದೆ. ಆದರೂ ಯಾವ ಹಂಗಾಮಿಗೆ ಯಾವ ತಳಿ, ಇಳುವರಿ ಎಷ್ಟು ಎಂಬುದನ್ನು ಹೆಸರು ಹೇಳಲಾರದು. ಶೀರ್ಷಿಕೆ ನಿಲ್ಲುವಲ್ಲಿಂದ ಸಾರಾಂಶದ ಕೆಲಸ ಆರಂಭ.

ವೈದ್ಯಕೀಯ ಪತ್ರಿಕೆಗಳು 1980ರ ದಶಕದ ಕೊನೆಯಿಂದ ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂಬಂಥ ಉಪಶೀರ್ಷಿಕೆಗಳ ಸಾರಾಂಶವನ್ನು ರೂಢಿಗೆ ತಂದವು. ಕಲಿಯುವವರಿಗೆ ಇದು ಒಳ್ಳೆಯ ಊರುಗೋಲು. ಆದರೆ ಉಪಶೀರ್ಷಿಕೆ ಹಾಕಿದ ಮಾತ್ರಕ್ಕೆ ಫಲಿತಾಂಶ ಬಂದು ಕೂರುವುದಿಲ್ಲ.

ಶಿಕ್ಷಕರು ಒಂದು ಸರಳ ಪರೀಕ್ಷೆ ಮಾಡಬಹುದು. ಪ್ರಬಂಧ ಮುಗಿದ ಮೇಲೆಯೇ ಸಾರಾಂಶ ಬರೆಸಿ. ಮದ್ದೂರಿನ ತಂಡ ಬರೆದದ್ದನ್ನು ಮಂಡ್ಯದ ತಂಡಕ್ಕೆ ಓದಲು ಕೊಡಿ, ಪ್ರಬಂಧ ಕೊಡಬೇಡಿ. ಏಕೆ ಮಾಡಿದರು, ಹೇಗೆ ಮಾಡಿದರು, ಏನು ಕಂಡರು, ಅದರಿಂದ ಎಷ್ಟು ಮಾತ್ರ ಹೇಳಬಹುದು? ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಸಾರಾಂಶ ಗೆದ್ದಂತೆ. ಸಿಗದಿದ್ದರೆ ತಿದ್ದಬೇಕಾದ್ದು ಭಾಷೆಯನ್ನಷ್ಟೇ ಅಲ್ಲ. ಪ್ರಯೋಗವನ್ನೇ ಮತ್ತೊಮ್ಮೆ ನೋಡಬೇಕಾಗಬಹುದು.