‘ನಾವು’ ಎಂಬ ಸರ್ವನಾಮದ ಗಡಿ

ಕಾಸರಗೋಡಿನ ವಿಲೀನೀಕರಣ ಸಾಹಿತ್ಯವನ್ನು ಭಾವಾವೇಶದ ಸಾಹಿತ್ಯವೆಂದು ಓದುವ ರೂಢಿ ನಮ್ಮಲ್ಲಿದೆ. ಅದನ್ನು ಅಹವಾಲಿನ ಸಾಹಿತ್ಯವೆಂದು, ಅಂದರೆ ಯಾರದೋ ಪರವಾಗಿ ಇನ್ನಾರನ್ನೋ ಉದ್ದೇಶಿಸಿದ ಬರಹವೆಂದು ಓದಿದರೆ ಬೇರೆ ಪ್ರಶ್ನೆಗಳು ಏಳುತ್ತವೆ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಾಂತ ಕವನವನ್ನೇ ನೋಡಬಹುದು. ಮನೆಗೆ ಬೆಂಕಿ ಬಿದ್ದಿದೆ, ನಂದಿಸಲು ಬನ್ನಿರೆಂಬ ಕರೆ ಅದರ ಕೇಂದ್ರ ರೂಪಕ. ಮನೆ ಯಾರದು ಎಂಬ ಪ್ರಶ್ನೆಗೆ ಈ ರೂಪಕದೊಳಗೆ ಎಡೆಯಿಲ್ಲ. ಬೆಂಕಿ ಬಿದ್ದ ಹೊತ್ತಿನಲ್ಲಿ ಅದನ್ನು ಕೇಳುವವರೂ ಇಲ್ಲ. ಕವನದ ಶಕ್ತಿ ಅಲ್ಲಿದೆ. ಅದನ್ನು ಅರುವತ್ತು ವರ್ಷ ಬಾಯಿಪಾಠ ಮಾಡಿದ ನಮ್ಮ ವಿಮರ್ಶೆಯ ಸೋಮಾರಿತನವೂ ಅಲ್ಲಿಯೇ ಇದೆ.

ಇಂತಹ ಕರೆಗೆ ಓಗೊಡುವವರು ಯಾರು? ಜಗತ್ತಿನ ಬೇರೆಡೆ ಇದಕ್ಕೊಂದು ಮಾದರಿ ಸಿಗುತ್ತದೆ. ಪಶ್ಚಿಮ ಪಾಪುವಾದ ಮೂಲನಿವಾಸಿಗಳ ಸ್ವನಿರ್ಣಯದ ಹಕ್ಕನ್ನು ಬೆಂಬಲಿಸಿ 2008ರಲ್ಲಿ ಲಂಡನ್ನಿನಲ್ಲಿ ಸಂಸದರ ಅಂತರರಾಷ್ಟ್ರೀಯ ಕೂಟವೊಂದು ರೂಪುಗೊಂಡಿತು. ಅದರಲ್ಲಿ ಸೇರಿದ ಸಂಸದರ ದೇಶಗಳು ಪಶ್ಚಿಮ ಪಾಪುವಾದ ಒಂದು ಗೇಣು ನೆಲಕ್ಕೂ ಹಕ್ಕುದಾರರಲ್ಲ. ಅವರ ಬೆಂಬಲಕ್ಕೆ ಕಾನೂನಿನ ಬಲ ಇಲ್ಲದಿದ್ದರೂ ನೈತಿಕ ತೂಕ ಬರುವುದು ಈ ಕಾರಣಕ್ಕೆ. ಕಾಸರಗೋಡಿಗೆ ಒದಗಿದ್ದು ಎರಡು ಶಾಸನಸಭೆಗಳು. ಎರಡೂ ವಾದಿ ಪ್ರತಿವಾದಿಗಳೇ. ಬೆಂಗಳೂರು ಮಹಾಜನ ವರದಿಯೇ ಅಂತಿಮವೆಂದಿತು, ತಿರುವನಂತಪುರ ಅದನ್ನು ಒಪ್ಪಲಿಲ್ಲ. ಬೆಂಗಳೂರಿನ ಮಾತಿನಲ್ಲಿಯೂ ಹೆಚ್ಚಿನ ಕಾವು ಬೆಳಗಾವಿಯದು. ಕಾಸರಗೋಡು ಆ ವಾಕ್ಯದ ಕೊನೆಯಲ್ಲಿ ಬರುವ ‘ಹಾಗೆಯೇ’. ಮೂರನೆಯವರ ಸ್ಥಾನದಲ್ಲಿ ಇದ್ದದ್ದು ದಿಲ್ಲಿಯ ಸಂಸತ್ತು ಮಾತ್ರ. ಸಂವಿಧಾನದ 3ನೆಯ ವಿಧಿಯಂತೆ ಗಡಿ ಬದಲಿಸುವ ಅಧಿಕಾರ ಅದರದು. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯವನ್ನು ಕೇಳಬೇಕು, ಒಪ್ಪಬೇಕೆಂದಿಲ್ಲ. ಆ ನೆಲದಲ್ಲಿ ಬದುಕುವವರನ್ನು ನೇರವಾಗಿ ಕೇಳಬೇಕೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ.

ಹಾಗೆಂದು ಇಲ್ಲಿಯವರು ಹೇಳದೆ ಉಳಿಯಲಿಲ್ಲ. 1957ರಲ್ಲಿ ಮಂಜೇಶ್ವರ ಕ್ಷೇತ್ರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧ ಆಯ್ಕೆಯಾದರು. 1960, 1965, 1967ರಲ್ಲಿ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಜನಮತಗಣನೆ ನಡೆಯದ ನಾಡಿನಲ್ಲಿ ಚುನಾವಣೆಯೇ ಜನಮತಗಣನೆಯ ವೇಷ ತೊಟ್ಟದ್ದು ಹೀಗೆ. 1966ರ ಅಕ್ಟೋಬರಿನಲ್ಲಿ ನೇಮಕವಾದ ಮೆಹರ್ ಚಂದ್ ಮಹಾಜನರ ಆಯೋಗ 1967ರ ಆಗಸ್ಟಿನಲ್ಲಿ ವರದಿ ಒಪ್ಪಿಸಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದಿತು. ಫಜಲ್ ಅಲಿ ಆಯೋಗ ಇಡೀ ತಾಲೂಕನ್ನು ಒಂದೇ ಘಟಕವಾಗಿ ತೂಗಿತ್ತು. ಮಹಾಜನರು ಹೊಳೆಯನ್ನು ಕಂಡರು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನ್ಯಾಯವಾದ ಓದು. ವರದಿ ಜಾರಿಯಾಗಲಿಲ್ಲ.

ಆದರೆ ಆ ವರದಿ ನಮ್ಮ ಸಾಹಿತ್ಯಕ್ಕೆ ಮಾಡಿದ ಉಪಕಾರವನ್ನು ಸಂದೇಹದಿಂದ ನೋಡಬೇಕಾಗಿದೆ. ನ್ಯಾಯ ನಮ್ಮ ಪರವಾಗಿ ಬರೆದಾಗಿದೆ ಎಂಬ ನೆಮ್ಮದಿಯಲ್ಲಿ ‘ನಾವು’ ಯಾರೆಂದು ಕೇಳುವ ತುರ್ತು ಇಲ್ಲವಾಯಿತು. ಹೊಳೆಯ ಉತ್ತರಕ್ಕಿರುವ ಉಪ್ಪಳ ಪೇಟೆಯಲ್ಲಿ ನಿಂತರೆ ಆ ಸರ್ವನಾಮ ತಾನಾಗಿಯೇ ಬಿರುಕು ಬಿಡುತ್ತದೆ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಇಲ್ಲಿ ಒಂದೇ ಅಂಗಡಿಯ ಜಗಲಿ ಹತ್ತುತ್ತವೆ. ಉರ್ದು ಮನೆಮಾತಿನ ಹನಫಿ ಮುಸಲ್ಮಾನರೂ ಇಲ್ಲಿಯ ಹಳೆಯ ಒಕ್ಕಲು. ಕನ್ನಡ ಇವರಲ್ಲಿ ಬಹಳ ಮಂದಿಗೆ ಶಾಲೆಯ, ಪತ್ರಿಕೆಯ, ಯಕ್ಷಗಾನದ ನುಡಿ, ತಾಯ್ನುಡಿಯಲ್ಲ. ಕಯ್ಯಾರರ ಮನೆಮಾತೂ ತುಳುವೇ. ಜನಗಣತಿಯಲ್ಲಿ ತುಳುವನ್ನು ಬೇರೆಯಾಗಿ ಎಣಿಸಿದರೆ ಕನ್ನಡ ಕುಗ್ಗುತ್ತದೆ, ಕೂಡಿಸಿದರೆ ತುಳು ಕಾಣೆಯಾಗುತ್ತದೆ. ವಿಲೀನೀಕರಣದ ವಾದ ಕೂಡಿಸುವುದನ್ನೇ ನಂಬಿತ್ತು. ಅದಕ್ಕೆ ತುಳುವರ ಒಪ್ಪಿಗೆಯೂ ಬಹುಮಟ್ಟಿಗೆ ಇತ್ತು. ಒಪ್ಪಿಗೆಯ ಹಿಂದಿದ್ದ ತ್ಯಾಗ ಮಾತ್ರ ನಮ್ಮ ಕವಿತೆಯಲ್ಲಿ ವಸ್ತುವಾಗಲಿಲ್ಲ.

ಇನ್ನೂ ತಳದಲ್ಲಿ ಕೊರಗರಿದ್ದಾರೆ. ‘ಮೂಲನಿವಾಸಿ’ ಎಂಬ ಪದಕ್ಕೆ ಈ ನೆಲದಲ್ಲಿ ಎಲ್ಲರಿಗಿಂತ ಮೊದಲು ಹಕ್ಕುಳ್ಳವರು ಅವರು. ಗಡಿಯ ಯಾವ ಮನವಿಯೂ ಅವರ ನುಡಿಯಲ್ಲಿ ಬರೆದುದಲ್ಲ. ವಿಶ್ವಸಂಸ್ಥೆ 2007ರ ಸೆಪ್ಟೆಂಬರ್ 13ರಂದು ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ 144 ರಾಷ್ಟ್ರಗಳು ಪರವಾಗಿದ್ದವು, ಭಾರತವೂ ಅವುಗಳಲ್ಲೊಂದು. ಘೋಷಣೆಯ 3ನೆಯ ವಿಧಿ ಸ್ವನಿರ್ಣಯವನ್ನು ಮನ್ನಿಸುತ್ತದೆ, 46ನೆಯದು ರಾಷ್ಟ್ರಗಳ ಭೂಅಖಂಡತೆಗೆ ಕಾವಲು ನಿಲ್ಲುತ್ತದೆ. ಸ್ವನಿರ್ಣಯವು ಪರಕೀಯ ಆಳ್ವಿಕೆಗೆ ಒಳಪಟ್ಟವರಿಗೆ ಮಾತ್ರ ಸಲ್ಲುವುದೆಂದು ಭಾರತ ಅದಕ್ಕೆ ತನ್ನದೇ ವ್ಯಾಖ್ಯಾನ ಕೊಟ್ಟಿತು. ಕಾಸರಗೋಡಿನ ಕನ್ನಡಿಗರು ಬೇಡಿದ್ದು ಎಂದೂ ಪ್ರತ್ಯೇಕ ರಾಷ್ಟ್ರವನ್ನಲ್ಲ, ಒಂದೇ ರಾಷ್ಟ್ರದೊಳಗಿನ ಬೇರೊಂದು ರಾಜ್ಯವನ್ನು. ಆದುದರಿಂದ ಆ ದೊಡ್ಡ ಪದವನ್ನು ಇಲ್ಲಿಗೆ ಎರವಲು ತರುವ ಇತ್ತೀಚಿನ ಉತ್ಸಾಹ ನನಗೆ ಒಪ್ಪಿಗೆಯಿಲ್ಲ. ನಮಗೆ ಸಲ್ಲುವ ಪಠ್ಯ ಹತ್ತಿರದಲ್ಲೇ ಇದೆ: ಗಡಿ ಎಳೆದ 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. ‘ಒದಗಿಸತಕ್ಕದ್ದು’ ಎನ್ನುವುದಿಲ್ಲ. ಈ ಒಂದು ಕ್ರಿಯಾಪದದ ಸಡಿಲಿನಲ್ಲಿ ಎಷ್ಟು ತರಗತಿಗಳು ಶಿಕ್ಷಕರಿಲ್ಲದೆ ಜಾರಿಹೋದುವೆಂಬುದು ಇಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದವರಿಗೆ ಗೊತ್ತು. 350ಎ ಕೊರಗ ಮಗುವಿನ ಮಾತೃಭಾಷೆಗೂ ಅನ್ವಯಿಸುತ್ತದೆಂಬುದನ್ನು ನಮ್ಮ ಸಭೆಗಳಲ್ಲಿ ನಾನು ಕೇಳಿದ್ದು ವಿರಳ.

2021ರಲ್ಲಿ ಮಂಜೇಶ್ವರದಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಪತ್ರಿಕೆಗಳು ಅದನ್ನು ಅಭಿಮಾನದ ಸುದ್ದಿಯಾಗಿ ಬರೆದುವು. ವಿಮರ್ಶೆಗೆ ಅದರಲ್ಲಿ ಬೇರೊಂದು ಸುದ್ದಿಯಿದೆ: ಮಹಾಬಲ ಭಂಡಾರಿಯವರು ರಾಜ್ಯವನ್ನು ಬಿಡುವ ಸಲುವಾಗಿ ಹೊಕ್ಕ ಸಭೆಯಲ್ಲಿ ಈ ಕನ್ನಡ ಉಳಿದುಕೊಳ್ಳುವ ಸಲುವಾಗಿ ಮಾತನಾಡಿತು, ಆಡಿದವರು, ಹಳೆಯ ಕವನಗಳ ‘ನಾವು’ ತನ್ನೊಳಗೆ ಎಣಿಸಿಕೊಂಡಿರದ ಸಮುದಾಯದವರು. ಇದನ್ನು ಒಳಗೊಳ್ಳುವ ಕವಿತೆಯಾಗಲಿ ಕಾದಂಬರಿಯಾಗಲಿ ಉಪ್ಪಳದ ಆಸುಪಾಸಿನಿಂದ ಬಂದುದು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.