ಬಲ್ಲವರ ಬಿಕ್ಕಟ್ಟು: ನವ್ಯ ಸಾಹಿತ್ಯ ಕಂಡ ಜ್ಞಾನ, ಕಾಣದ ಜ್ಞಾನ

ದುರ್ವಾಸಪುರದ ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಯಾರ ಮನೆಯಲ್ಲೂ ಊಟವಿಲ್ಲ, ದೇವರ ಪೂಜೆಯಿಲ್ಲ. ಸತ್ತ ನಾರಣಪ್ಪ ಮಾಂಸ ತಿಂದವನು, ಹೆಂಡ ಕುಡಿದವನು, ಚಂದ್ರಿ ಎಂಬ ಹೆಂಗಸನ್ನು ಮನೆಯಲ್ಲಿಟ್ಟುಕೊಂಡವನು; ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾದರೆ ಸಂಸ್ಕಾರ ಮಾಡುವವರು ಯಾರು? ಎಲ್ಲರ ಕಣ್ಣೂ ಕಾಶಿಯಲ್ಲಿ ಓದಿ ಬಂದ ವೇದಾಂತ ಶಿರೋಮಣಿ ಪ್ರಾಣೇಶಾಚಾರ್ಯರತ್ತ ತಿರುಗುತ್ತದೆ. ಆಚಾರ್ಯರು ಓಲೆಗರಿ ಬಿಚ್ಚಿ ಕೂರುತ್ತಾರೆ. ಇಡೀ ಊರಿನ ಹಸಿವು ಒಬ್ಬ ಮನುಷ್ಯನ ಓದಿಗೆ ಕಾದು ಕೂತಿದೆ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಹೊರಬಂದಾಗ ಗದ್ದಲ ಎದ್ದದ್ದು ಬ್ರಾಹ್ಮಣ್ಯದ ಚಿತ್ರಣದ ಬಗ್ಗೆ, ಕಾಮದ ಬಗ್ಗೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದಾಗ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಆಮೇಲೆ ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೇ ಬಂತು. ಈ ಗಲಾಟೆಯಲ್ಲಿ ಕಾದಂಬರಿ ಎತ್ತಿದ ಇನ್ನೊಂದು ಪ್ರಶ್ನೆ ಸ್ವಲ್ಪ ಮಸುಕಾಯಿತು. ತಿಳಿದವನು ತಿಳಿಯದವರನ್ನು ಆಳುವುದು ಹೇಗೆ? ಆಳಿಸಿಕೊಳ್ಳುವವರು ಅವನ ತಿಳಿವಳಿಕೆಯನ್ನು ತಮಗೆ ಬೇಕಾದಂತೆ ಬಗ್ಗಿಸುವುದು ಹೇಗೆ? ನವ್ಯ ಪಂಥದ ಒಳ್ಳೆಯ ಕೃತಿಗಳ ಒಳಗೆಲ್ಲ ಈ ಪ್ರಶ್ನೆ ಹರಿಯುತ್ತದೆ. ನವ್ಯರ ಸಾಧನೆ ಇಲ್ಲಿದೆ, ಅವರ ಮಿತಿಯೂ ಇಲ್ಲೇ ಇದೆ.

ವಿಷಯ ಕನ್ನಡಕ್ಕೆ ಹೊಸದಾಗಿರಲಿಲ್ಲ. ‘ವಡ್ಡಾರಾಧನೆ’ಯಲ್ಲಿ ಚಾಣಕ್ಯನ ಕಥೆಯಿದೆ. 11ನೇ ಶತಮಾನದಲ್ಲಿ ದುರ್ಗಸಿಂಹ ‘ಪಂಚತಂತ್ರ’ವನ್ನು ಕನ್ನಡಕ್ಕೆ ತಂದಾಗ, ಅರಸುಮಕ್ಕಳಿಗೆ ಉಪಾಯವನ್ನು ಒಂದು ವಿದ್ಯೆಯಾಗಿ ಕಲಿಸುವ ಪರಂಪರೆಯೇ ಇಲ್ಲಿಗೆ ಬಂತು. ಅಲ್ಲಿ ನರಿ ಸಿಂಹ ಎತ್ತುಗಳ ಸ್ನೇಹ ಕೆಡಿಸಿದರೆ ಕೇಳುಗ ಎಚ್ಚರ ಕಲಿಯಬೇಕು, ಅಷ್ಟೆ. ವಿದ್ಯೆ ಯಾರ ಸ್ವತ್ತು ಎಂದು ಕೇಳುವ ಹಾಗಿಲ್ಲ.

ಆಧುನಿಕ ಕನ್ನಡದಲ್ಲಿ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಕುವೆಂಪು. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬಾಣ ಶಂಬೂಕನನ್ನು ಕೊಲ್ಲುವುದಿಲ್ಲ, ತಪಸ್ಸಿಗೆ ಜಾತಿಯ ಬೇಲಿ ಹಾಕಿದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಮೂಲ ಕಥೆಯನ್ನು ಹೀಗೆ ತಿರುಗಿಸಿದ್ದನ್ನು ಮಾಸ್ತಿ ಒಪ್ಪಲಿಲ್ಲ. ‘ಬೆರಳ್‌ಗೆ ಕೊರಳ್’ ಏಕಲವ್ಯನ ಹೆಬ್ಬೆರಳಿನ ಲೆಕ್ಕವನ್ನು ದ್ರೋಣನ ತಲೆಗೆ ಜೋಡಿಸುತ್ತದೆ. ಕುವೆಂಪು ಅವರಿಗೆ ಜ್ಞಾನವೆಂದರೆ ಯಾರೋ ಬೀಗ ಹಾಕಿಟ್ಟ ಕಣಜ. ಬೀಗ ಒಡೆದರೆ ಅದು ಎಲ್ಲರದು. ಒಳಗಿರುವ ಕಾಳಿನ ಬಗ್ಗೆ ಅವರಿಗೆ ಅನುಮಾನವಿಲ್ಲ.

ನವ್ಯರಿಗೆ ಕಾಳಿನ ಮೇಲೇ ಅನುಮಾನ ಬಂತು. ಅದಕ್ಕೊಂದು ಸಾಮಾಜಿಕ ಕಾರಣವೂ ಇದೆ. ಗೋಪಾಲಕೃಷ್ಣ ಅಡಿಗ, ಅನಂತಮೂರ್ತಿ, ಲಂಕೇಶ್, ಶಾಂತಿನಾಥ ದೇಸಾಯಿ ಎಲ್ಲರೂ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಅಡಿಗರು 1962ರಲ್ಲಿ ‘ಸಾಕ್ಷಿ’ ಪತ್ರಿಕೆ ಶುರು ಮಾಡಿದಾಗ ಸುತ್ತ ಸೇರಿದ ಬರಹಗಾರರಲ್ಲಿ ಹಲವರು ಮನೆಯಲ್ಲಿ ಮಂತ್ರ ಕೇಳಿ ಬೆಳೆದು, ತರಗತಿಯಲ್ಲಿ ಎಲಿಯಟ್ ಪಾಠ ಮಾಡುತ್ತಿದ್ದವರು. ಹೀಗೆ ಎರಡು ಓದುಗಳ ನಡುವೆ ನಿಂತವರಿಗೆ ಓದು ಕೊಡುವ ಅಧಿಕಾರದ ರುಚಿಯೂ ಗೊತ್ತು, ಅದರ ನಾಚಿಕೆಯೂ ಗೊತ್ತು. ಅವರ ನಾಯಕರೆಲ್ಲ ಬಲ್ಲವರೇ ಆದದ್ದು ಆಕಸ್ಮಿಕವಲ್ಲ.

‘ಸಂಸ್ಕಾರ’ಕ್ಕೆ ಮರಳಿದರೆ, ಅಲ್ಲಿ ಜ್ಞಾನದ ವ್ಯಾಪಾರ ಎಷ್ಟು ಸೂಕ್ಷ್ಮವಾಗಿ ನಡೆಯುತ್ತದೆ ನೋಡಬೇಕು. ಚಂದ್ರಿ ತನ್ನ ಒಡವೆ ಬಿಚ್ಚಿ ಆಚಾರ್ಯರ ಮುಂದಿಡುತ್ತಾಳೆ. ಅದುವರೆಗೆ ಹೆಣ ಮುಟ್ಟಲು ಹೇಸಿದವರಿಗೆ ಒಮ್ಮೆಗೇ ಧರ್ಮದ ನೆನಪಾಗುತ್ತದೆ. ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಕಡೆಯವರು ಆಚಾರ್ಯರ ಬಳಿ ಬಂದು ಶಾಸ್ತ್ರ ತಮ್ಮ ಪರ ವಾಲಲಿ ಎಂದು ನಯವಾಗಿ ಸೂಚಿಸುತ್ತಾರೆ. ಗ್ರಂಥದಲ್ಲಿ ಏನಿದೆ ಎನ್ನುವುದು ಅವರಿಗೆ ಬೇಕಿಲ್ಲ. ಗ್ರಂಥದಲ್ಲಿದೆ ಎಂದು ಆಚಾರ್ಯರ ಬಾಯಿಂದ ಬಂದರೆ ಸಾಕು.

ಆಚಾರ್ಯರೂ ಈ ಆಟದ ಹೊರಗಿಲ್ಲ. ಸಂಜೆ ಅವರು ರಸವತ್ತಾಗಿ ಹೇಳುವ ಶಕುಂತಲೆಯ ವರ್ಣನೆ ಕೇಳಿ ಮೈ ಬಿಸಿಯಾದ ಅಗ್ರಹಾರದ ಶ್ರೀಪತಿ ಬೆಳ್ಳಿ ಎಂಬ ಹೆಣ್ಣನ್ನು ಹುಡುಕಿಕೊಂಡು ಹೋಗುತ್ತಾನೆ. ಹೇಳಿದವರಿಗೆ ಅದು ಕಾವ್ಯ, ಕೇಳಿದವನಿಗೆ ಬೇರೇನೋ. ಬಲ್ಲವನ ಮಾತು ಅವನ ಕೈ ಮೀರಿ ಕೆಲಸ ಮಾಡುತ್ತದೆ ಎನ್ನುವುದನ್ನು ಅನಂತಮೂರ್ತಿ ಇಷ್ಟು ಹಗುರವಾಗಿ ಹೇಳಿಬಿಡುತ್ತಾರೆ.

ಕೊನೆಗೆ ಓಲೆಗರಿ ಉತ್ತರ ಕೊಡುವುದಿಲ್ಲ. ಮಾರುತಿ ಗುಡಿಯಲ್ಲಿ ದೇವರ ಹೂಪ್ರಸಾದವೂ ಬೀಳುವುದಿಲ್ಲ. ಇಲ್ಲಿಂದ ಮುಂದೆ ಕಾದಂಬರಿ ಆಚಾರ್ಯರ ಹಿಂದೆ ಹೊರಡುತ್ತದೆ: ಕಾಡು, ಚಂದ್ರಿಯೊಡನೆ ಕೂಡಿದ ರಾತ್ರಿ, ಮೇಳಿಗೆಯ ತೇರು, ಕೋಳಿ ಅಂಕ, ದಾರಿಯಲ್ಲಿ ಜೊತೆಯಾಗಿ ಬೆನ್ನು ಬಿಡದ ಪುಟ್ಟ. ವಿಮರ್ಶಕರೂ ಆಚಾರ್ಯರ ಹಿಂದೆಯೇ ಹೊರಟರು. ವಿ.ಎಸ್. ನೈಪಾಲ್ 1977ರ ತಮ್ಮ ಭಾರತದ ಪುಸ್ತಕದಲ್ಲಿ ಈ ಕಥೆಯನ್ನು ಚರ್ಚಿಸುವಾಗಲೂ ಆಚಾರ್ಯರ ಒಳಗನ್ನೇ ಇಡೀ ಹಿಂದೂ ಮನಸ್ಸಿನ ಮಾದರಿಯಾಗಿ ಹಿಡಿದರು.

ಆದರೆ ಹೆಣ ಏನಾಯಿತು? ಕೊಳೆಯುತ್ತಿರುವ ದೇಹವನ್ನು ನೋಡಲಾಗದೆ ಚಂದ್ರಿ ರಾತ್ರಿ ಹೊರಬೀಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಗಾಡಿಯವನು ಹೆದರುತ್ತಾನೆ. ನಾರಣಪ್ಪನಿಂದ ಹಿಂದೆ ಸಹಾಯ ಪಡೆದಿದ್ದ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ ಗಾಡಿ ಕಟ್ಟಿ ಬಂದು, ಯಾರಿಗೂ ತಿಳಿಯದಂತೆ ಸುಟ್ಟು ಮುಗಿಸುತ್ತಾನೆ. ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರದವರು ಪಾರಿಜಾತಪುರ, ಕೈಮರ, ಮಠ ಎಂದು ಅಲೆಯುತ್ತಲೇ ಇರುತ್ತಾರೆ. ಅವರನ್ನು ಕಾಡುವ ಸಮಸ್ಯೆ ಬೂದಿಯಾಗಿ ಬಹಳ ಹೊತ್ತಾಗಿದೆ. ಅದು ಗೊತ್ತಿರುವುದು ಓಲೆಗರಿ ಓದಲು ಬಾರದ ಇಬ್ಬರಿಗೆ ಮತ್ತು ಓದುಗರಿಗೆ ಮಾತ್ರ. ನವ್ಯ ಸಾಹಿತ್ಯದಲ್ಲೇ ಇದಕ್ಕಿಂತ ಹರಿತವಾದ ವ್ಯಂಗ್ಯ ಹುಡುಕುವುದು ಕಷ್ಟ. ವಿಚಿತ್ರವೆಂದರೆ ಕಾದಂಬರಿ ಅದನ್ನು ಕೆಲವೇ ಪುಟಗಳಲ್ಲಿ ಮುಗಿಸಿ ಆಚಾರ್ಯರ ಕಡೆಗೆ ಓಡುತ್ತದೆ. ಚಂದ್ರಿಯ ತಿಳಿವಳಿಕೆಗೆ ಕಥೆಯಲ್ಲಿ ಕೆಲಸವಿದೆ, ದನಿ ಇಲ್ಲ.

‘ಭಾರತೀಪುರ’ದಲ್ಲಿ (1973) ಪಾತ್ರ ಬದಲಾಗಿದೆ, ಸಂಬಂಧ ಬದಲಾಗಿಲ್ಲ. ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥನಿಗೆ ಊರಿನ ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯುವ ಹಂಬಲ. ಅದಕ್ಕೆ ಮುನ್ನುಡಿಯಾಗಿ ಅವನು ಮನೆದೇವರ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಅವರ ಮುಂದೆ ಹಿಡಿದು, ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂದೆ ಸರಿಯುತ್ತಾರೆ. ಅವನ ಪ್ರೀತಿ ಸಿಟ್ಟಾಗುತ್ತದೆ, ಸಿಟ್ಟು ಅಸಹ್ಯವಾಗುತ್ತದೆ. ಬಿಡುಗಡೆಯನ್ನು ಅಪ್ಪಣೆ ಮಾಡಿ ಕೊಡಿಸಲು ಹೊರಡುತ್ತಾನೆ. ಓಲೆಗರಿಯ ಜಾಗದಲ್ಲಿ ಲಂಡನ್ನಿನ ಉದಾರವಾದ ಬಂದಿದೆ, ಅಷ್ಟೆ. ಪ್ರಗತಿಪರ ಜ್ಞಾನವೂ ಜನರನ್ನು ಕಾಯಿಯಂತೆ ನಡೆಸಬಲ್ಲದು ಎಂಬುದನ್ನು ತಮ್ಮವರ ಮೇಲೆಯೇ ತೋರಿಸಿದ್ದು ಅನಂತಮೂರ್ತಿಯವರ ಧೈರ್ಯ. ಆದರೂ ಆ ಅಂಗಳದಲ್ಲಿ ನಿಂತವರ ತಲೆಯಲ್ಲಿ ಏನು ಓಡುತ್ತಿತ್ತು? ಅವರಿಗೆ ಜಗನ್ನಾಥನ ಬಗ್ಗೆ ಏನು ಗೊತ್ತಿತ್ತು? ಕಾದಂಬರಿ ಆ ಕಡೆಗೆ ಹೋಗುವುದಿಲ್ಲ.

ನಾಟಕದ ಸ್ವಭಾವವೇ ಬೇರೆ. ಅಲ್ಲಿ ರಂಗಕ್ಕೆ ಬಂದವರೆಲ್ಲ ಬಾಯಿ ಬಿಡಲೇಬೇಕು. ಅದಕ್ಕೇ ಇರಬೇಕು, ಗಿರೀಶ ಕಾರ್ನಾಡರ ‘ತುಘಲಕ್’ನಲ್ಲಿ (1964) ಈ ಪ್ರಶ್ನೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಸುಲ್ತಾನ ಮಹಮ್ಮದ್ ಓದಿದವನು, ಚದುರಂಗದ ಚತುರ. ಬಲ್ಲವನಾದ್ದರಿಂದಲೇ ಅಪಾಯಕಾರಿ. ತನ್ನನ್ನು ಬಯ್ಯುವ ಶೇಖ್ ಇಮಾಮುದ್ದೀನನನ್ನು ಭಾಷಣಕ್ಕೆ ಕರೆದು, ಕೇಳುಗರು ಬಾರದಂತೆ ನೋಡಿಕೊಂಡು, ಶಾಂತಿದೂತನೆಂದು ತನ್ನದೇ ಉಡುಪು ತೊಡಿಸಿ ಸಾವಿಗೆ ಕಳಿಸುತ್ತಾನೆ.

ಆದರೆ ಈ ನಾಟಕದ ನಿಜವಾದ ಓದುಗ ಸುಲ್ತಾನನಲ್ಲ, ಅಗಸರ ಅಜೀಜ. ಸುಲ್ತಾನನ ಮೇಲೂ ಪ್ರಜೆಗಳು ದಾವೆ ಹೂಡಬಹುದು ಎಂಬ ಫರ್ಮಾನು ಹೊರಟ ಕೂಡಲೇ ಅದರ ಲಾಭ ಅವನಿಗೆ ಹೊಳೆಯುತ್ತದೆ. ಸರ್ಕಾರ ಮುಟ್ಟುಗೋಲು ಹಾಕಿದ ಬ್ರಾಹ್ಮಣನೊಬ್ಬನ ಜಮೀನನ್ನು ಹಿಂದಿನ ತಾರೀಖು ಹಾಕಿ ಕೊಂಡು, ತಾನೇ ವಿಷ್ಣುಪ್ರಸಾದನೆಂಬ ಬ್ರಾಹ್ಮಣನಾಗಿ ದಾವೆ ಗೆಲ್ಲುತ್ತಾನೆ. ಪರಿಹಾರದ ಜೊತೆಗೆ ನೌಕರಿಯೂ ಸಿಗುತ್ತದೆ. ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯಕ್ಕೆ ಕೈ ಹಾಕುತ್ತಾನೆ. ಕೊನೆಗೆ ಖಲೀಫರ ವಂಶದವನನ್ನು ಕೊಂದು, ಅವನ ವೇಷದಲ್ಲೇ ರಾಜಧಾನಿಗೆ ಬರುತ್ತಾನೆ. ಸಿಕ್ಕಿಬಿದ್ದಾಗ ಅವನ ವಾದ ಸರಳ: ಸುಲ್ತಾನರ ಒಂದೊಂದು ಆಜ್ಞೆಯನ್ನೂ ತನ್ನಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರೆ ಯಾರೂ ಇಲ್ಲ. ಮಹಮ್ಮದ್ ಅವನನ್ನು ಕೊಲ್ಲಲಾರ. ದಖ್ಖನಿಗೆ ಅಧಿಕಾರಿಯಾಗಿ ಕಳಿಸುತ್ತಾನೆ. ಮೇಲಿನಿಂದ ಹೊರಟ ಜ್ಞಾನ ಕೆಳಗೆ ಮುಟ್ಟಿ ಹೀಗೆ ತಂತ್ರವಾಗಿ ತಿರುಗಿ ಬಂದದ್ದನ್ನು ನವ್ಯದಲ್ಲಿ ಇಷ್ಟು ಮೋಜಾಗಿ ಕಂಡವರು ಕಾರ್ನಾಡರೊಬ್ಬರೇ.

ಮೂವತ್ತು ವರ್ಷದ ನಂತರ ‘ಅಗ್ನಿ ಮತ್ತು ಮಳೆ’ಯಲ್ಲಿ ಅವರು ಮತ್ತೆ ಅಲ್ಲಿಗೇ ಬಂದರು. ಮಹಾಭಾರತದ ವನಪರ್ವದ ಯವಕ್ರೀತ ಗುರುವಿಲ್ಲದೆ, ನೇರವಾಗಿ ಇಂದ್ರನಿಂದ ವಿದ್ಯೆ ಪಡೆಯಲು ಹತ್ತು ವರ್ಷ ತಪಸ್ಸು ಮಾಡುತ್ತಾನೆ. ಪಡೆದದ್ದನ್ನು ಬಳಸಿದ್ದು ದಾಯಾದಿಗಳ ಮೇಲಿನ ಹಗೆ ತೀರಿಸಲು. ಅತ್ತ ಆ ದಾಯಾದಿಗಳ ಕಡೆಯ ರೈಭ್ಯ ತನ್ನ ವಿದ್ಯೆಯಿಂದ ಬ್ರಹ್ಮರಾಕ್ಷಸನನ್ನು ಎಬ್ಬಿಸಿ ಛೂ ಬಿಡುತ್ತಾನೆ. ಊರಲ್ಲಿ ಬರ. ಬೇಡರ ಹುಡುಗಿ ನಿತ್ತಿಲೆಗೆ ಇದು ಅರ್ಥವೇ ಆಗುವುದಿಲ್ಲ: ದೇವರೇ ಎದುರು ಬಂದಾಗ ಆ ಮನುಷ್ಯ ಮಳೆ ಯಾಕೆ ಕೇಳಲಿಲ್ಲ? ತಮ್ಮವರ ಪೂಜಾರಿ ಎಲ್ಲರೆದುರು ಮಾಡುವುದನ್ನು ಬ್ರಾಹ್ಮಣರು ಯಾಕೆ ಗುಟ್ಟಾಗಿ ಮಾಡುತ್ತಾರೆ? ‘ಸಂಸ್ಕಾರ’ದ ಚಂದ್ರಿ ಕೇಳದೆ ಬಿಟ್ಟ ಪ್ರಶ್ನೆಯನ್ನು ನಿತ್ತಿಲೆ ಕೇಳಿದಳು ಎನ್ನಬಹುದು. ಅಷ್ಟು ಹೊತ್ತಿಗೆ ಕನ್ನಡ ಸಾಹಿತ್ಯ ಬಹಳ ದೂರ ಬಂದಿತ್ತು.

ನಡುವೆ ಆದದ್ದೇನು? ಯಶವಂತ ಚಿತ್ತಾಲರ ‘ಶಿಕಾರಿ’ (1979) ಒಂದು ತಿರುವು. ಮುಂಬಯಿಯ ದೊಡ್ಡ ಕಂಪನಿಯ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತಾಗುತ್ತಾನೆ. ಯಾಕೆಂದು ಅವನಿಗೇ ತಿಳಿಯದು. ಅವನ ಊರು, ಬಾಲ್ಯ, ಮನೆತನದ ಸಂಗತಿಗಳು ಬೇರೆಯವರ ಕೈಯಲ್ಲಿ ಗುರಿ ಇಟ್ಟ ಬಂದೂಕಾಗಿವೆ. ಇಲ್ಲಿ ಅಧಿಕಾರ ಇರುವುದು ಶಾಸ್ತ್ರದಲ್ಲಲ್ಲ, ಮಾಹಿತಿಯಲ್ಲಿ. ಕಥೆ ಸಾಗುವುದು ಬೇಟೆಯಾದವನ ಒಳಗೆ. ನವ್ಯದ ತಂತ್ರದಲ್ಲೇ ಬರೆದರೂ ಚಿತ್ತಾಲರು ನೋಟದ ದಿಕ್ಕನ್ನು ಬದಲಿಸಿದರು.

ಪೂರ್ಣಚಂದ್ರ ತೇಜಸ್ವಿ 1973ರಲ್ಲೇ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯಕ್ಕೆ ಬೆನ್ನು ತಿರುಗಿಸಿದ್ದರು. ಶೀರ್ಷಿಕೆಯ ಕಥೆಯ ಬೋಬಣ್ಣ ಊರಿಗೆ ಬಂದ ಟಪಾಲನ್ನು ಒಡೆದು ಓದುವವನು. ವೇದಾಂತವಿಲ್ಲ, ಕಾಶಿಯಿಲ್ಲ, ಅಂಟು ಬಿಚ್ಚಿದ ಲಕೋಟೆ ಸಾಕು, ಊರಿನ ಗುಟ್ಟು ಅವನ ತಲೆ ಕೆಡಿಸಲು. ‘ಕರ್ವಾಲೊ’ದಲ್ಲಿ (1980) ವಿಜ್ಞಾನಿಗೆ ಜೇನು ಹಿಡಿಯುವ ಮಂದಣ್ಣ ಬೇಕೇ ಬೇಕು, ಏಕೆಂದರೆ ಹಾರುವ ಓತಿಯನ್ನು ಕಂಡವನು ಅವನು. ಮಂದಣ್ಣನ ಮದುವೆ, ಕೋರ್ಟಿನ ತಾಪತ್ರಯಗಳಲ್ಲಿ ಕರ್ವಾಲೊ ತೋರುವ ಆಸಕ್ತಿಯಲ್ಲಿ ಸ್ವಾರ್ಥ ಎಷ್ಟು, ಸ್ನೇಹ ಎಷ್ಟು ಎಂದು ತೇಜಸ್ವಿ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ಓತಿ ಯಾರ ಕೈಗೂ ಸಿಗದೆ ಹಾರಿಹೋಗುತ್ತದೆ.

ಇದೇ ಹೊತ್ತಿಗೆ ಹೊರಗಿನಿಂದಲೂ ಪೆಟ್ಟು ಬಿತ್ತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ರಾಜ್ಯ ಹೊತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು. ದಲಿತ–ಬಂಡಾಯ ಬರಹಗಾರರು ಆ ಬೆಂಕಿಯಿಂದ ಎದ್ದು ಬಂದರು. ದೇವನೂರ ಮಹಾದೇವ ‘ಒಡಲಾಳ’ದಲ್ಲಿ ಸಾಕವ್ವನ ಗುಡಿಸಲಿಗೆ ಒಂದು ಮೂಟೆ ಕದ್ದ ಕಡಲೆಕಾಯಿ ತರಿಸುತ್ತಾರೆ. ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಬೆಳಗಾಗುವುದರೊಳಗೆ ಅದನ್ನು ತಿಂದು ಮುಗಿಸುತ್ತಾರೆ. ಮರುದಿನ ಪೊಲೀಸರು ಬಂದು ಮನೆ ಜಾಲಾಡಿದಾಗ ಸಿಗುವುದೇನಿದೆ? ಸರ್ಕಾರಕ್ಕೆ ತಿಳಿಯದ ಒಂದು ರಾತ್ರಿ ಆ ಮನೆಯವರಿಗೆಲ್ಲ ಗೊತ್ತಿದೆ. ನವ್ಯರ ಅಂಗಳದಲ್ಲಿ ಮೌನವಾಗಿ ನಿಂತಿದ್ದವರ ತಲೆಯೊಳಗೆ ಇಷ್ಟು ನಗು, ಇಷ್ಟು ಯುಕ್ತಿ, ಇಷ್ಟು ಹಸಿವು ಇತ್ತೆಂದು ಕನ್ನಡಕ್ಕೆ ಆಗ ಕಂಡಿತು.

ನವ್ಯದ ಶಿಬಿರಕ್ಕೆ ಸೇರದ ಎಂ.ಕೆ. ಇಂದಿರಾ ಅವರನ್ನೂ ಇಲ್ಲಿ ನೆನೆಯಬೇಕು. 1976ರ ‘ಫಣಿಯಮ್ಮ’ದಲ್ಲಿ ತಲೆ ಬೋಳಿಸಿಕೊಂಡ ವಿಧವೆಯ ಕೈಗೆ ಹೆರಿಗೆಯ ಪಳಗಿದ ವಿದ್ಯೆಯಿದೆ, ದಲಿತರ ಮನೆಯಲ್ಲಿ ಹೆಂಗಸೊಬ್ಬಳು ಹೆರಲಾಗದೆ ಒದ್ದಾಡುವಾಗ ಆಕೆ ಹೋಗಿ ಹೆರಿಗೆ ಮಾಡಿಸುತ್ತಾಳೆ. ಅಧಿಕಾರದ ಸೋಂಕಿಲ್ಲದ ಈ ತಿಳಿವಳಿಕೆಯನ್ನು ಅಂದಿನ ವಿಮರ್ಶೆ ಜ್ಞಾನವೆಂದು ಎಣಿಸಲಿಲ್ಲ.

ಹಾಗೆಂದು ನವ್ಯರನ್ನು ತಳ್ಳಿಹಾಕುವುದು ಸೋಮಾರಿತನ. ಜ್ಞಾನ ಪವಿತ್ರ ಎಂಬ ನಂಬಿಕೆಯನ್ನು ಒಳಗಿನಿಂದ ಕೊರೆದವರು ಅವರು. ಆ ಬಿರುಕಿಲ್ಲದೆ ಮುಂದಿನವರ ದಾರಿ ಇನ್ನೂ ಕಷ್ಟವಾಗುತ್ತಿತ್ತು. ಅವರ ಸೋಲು ಇರುವುದು ಅಳತೆಯಲ್ಲಿ: ಬಲ್ಲವನ ಸಂಕಟಕ್ಕೆ ನೂರು ಪುಟ, ಅವನ ಬಲ್ಲತನಕ್ಕೆ ಸಿಕ್ಕಿದವರಿಗೆ ಐದು. ಆದರೂ ದೊಡ್ಡ ಲೇಖಕರ ಕೃತಿಗಳು ಆ ಅಳತೆಯನ್ನು ತಾವೇ ಮುರಿದಿವೆ. ಅಜೀಜನನ್ನು, ಚಂದ್ರಿಯನ್ನು ನಾಯಕನ ನೆರಳಿನಿಂದ ಹೊರಗೆ ತಂದು ಓದಿದರೆ ಅದು ಕಾಣುತ್ತದೆ.

‘ಸಂಸ್ಕಾರ’ದ ಕೊನೆಯ ಪುಟದಲ್ಲಿ ಆಚಾರ್ಯರು ಎಲ್ಲವನ್ನೂ ಹೇಳಿಬಿಡಲು ದುರ್ವಾಸಪುರಕ್ಕೆ ಹೊರಡುತ್ತಾರೆ. ಗಾಡಿಯಲ್ಲಿ ಒಬ್ಬರಿಗಷ್ಟೇ ಜಾಗ. ಪುಟ್ಟ ಹಿಂದೆ ಉಳಿಯುತ್ತಾನೆ. ಹೆಣವಿನ್ನೂ ತಮ್ಮ ಮಾತಿಗೆ ಕಾದು ಬಿದ್ದಿದೆ ಎಂದೇ ಆಚಾರ್ಯರು ತಿಳಿದಿದ್ದಾರೆ. ಸತ್ಯ ಹೊತ್ತ ಚಂದ್ರಿ ಯಾವಾಗಲೋ ಕುಂದಾಪುರದ ಕಡೆ ಹೋಗಿಯಾಗಿದೆ.