ಶಿಕಾಗೊ ನಗರದ ಮೇಲುರೈಲುಮಾರ್ಗ: ಒಂದು ವಿಮರ್ಶೆ

ದಾವಣಗೆರೆಯ ನಡುವೆ ನೆಲದ ಮೇಲೆಯೇ ಹಾದುಹೋಗುವ ರೈಲುಮಾರ್ಗವು ಹಳೆಯ ಪೇಟೆಯನ್ನೂ ಹೊಸ ಬಡಾವಣೆಗಳನ್ನೂ ಬೇರ್ಪಡಿಸಿದೆ. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟಿನಲ್ಲಿ ಕಾದು ನಿಂತುದನ್ನು ಇಲ್ಲಿಯ ಹಿರಿಯರು ಮರೆತಿಲ್ಲ. ಆದುದರಿಂದ, ಹಳಿಗಳನ್ನು ಉಕ್ಕಿನ ಕಂಬಗಳ ಮೇಲೆ ಎತ್ತಿ ಬೀದಿಯನ್ನು ಜನರ ಸಂಚಾರಕ್ಕೆ ಬಿಟ್ಟ ಶಿಕಾಗೊ ನಗರದ ನಿದರ್ಶನವು ನಮಗೆ ಮೆಚ್ಚುಗೆಯಾಗುವುದು ಸಹಜ. ಆದರೆ ಇತಿಹಾಸಕಾರನು ಮೆಚ್ಚುಗೆಯಲ್ಲಿಯೇ ನಿಲ್ಲಲಾಗದು.

ಆ ನಗರದ ವ್ಯಾಪಾರಕೇಂದ್ರವನ್ನು ಸುತ್ತುವರಿದ, ಎರಡು ಮೈಲಿಗಿಂತ ಕಡಿಮೆ ಉದ್ದದ ಈ ಮಾರ್ಗವು 1897ರಲ್ಲಿ ಪೂರ್ಣಗೊಂಡಿತು. ಬೇರೆಬೇರೆ ಸಂಸ್ಥೆಗಳ ರೈಲುಗಳನ್ನು ನಗರದ ಹೃದಯದಲ್ಲಿ ಒಂದುಗೂಡಿಸಿದುದು ಇದರ ಹಿರಿಮೆ, ಇದು ನಿರ್ವಿವಾದ. ಆದರೆ ಇದನ್ನು ಕಟ್ಟಿದ ರೀತಿಯನ್ನೂ ಪರಿಶೀಲಿಸಬೇಕು. ಬೀದಿಯ ಮೇಲೆ ಇಂತಹ ಮಾರ್ಗವನ್ನು ನಿರ್ಮಿಸಬೇಕಾದರೆ, ಪ್ರತಿ ಮೈಲಿಯಲ್ಲಿಯೂ ಬೀದಿಗೆ ಮುಖಮಾಡಿದ ಸ್ವತ್ತಿನ ಅರ್ಧಕ್ಕಿಂತ ಹೆಚ್ಚು ಭಾಗದ ಒಡೆಯರ ಒಪ್ಪಿಗೆ ಬೇಕೆಂದು 1883ರ ಇಲಿನಾಯ್ ರಾಜ್ಯದ ಕಾನೂನು ವಿಧಿಸಿತ್ತು. ವ್ಯಾನ್ ಬ್ಯೂರೆನ್ ಬೀದಿಯ ಒಡೆಯರಿಂದ ಅಷ್ಟು ಒಪ್ಪಿಗೆ ದೊರೆಯುವಂತಿರಲಿಲ್ಲ. ಯೋಜನೆಯ ಸೂತ್ರಧಾರನಾದ ಚಾರ್ಲ್ಸ್ ಯರ್ಕೀಸನು ಮಾರ್ಗವನ್ನು ನಕ್ಷೆಯಲ್ಲಿ ನದಿಯಾಚೆಗೆ, ಹಾಲ್‌ಸ್ಟೆಡ್ ಬೀದಿಯವರೆಗೆ, ವಿಸ್ತರಿಸಿ ಅಲ್ಲಿಯವರ ಒಪ್ಪಿಗೆಯಿಂದ ಬಹುಮತವನ್ನು ಸಂಪಾದಿಸಿದನು. ನದಿಯಾಚೆಯ ಭಾಗವನ್ನು ಕಟ್ಟಲೇ ಇಲ್ಲ. ಒಪ್ಪಿಗೆ ಕೊಟ್ಟವರು ಒಂದು ಕಡೆ, ನೆರಳನ್ನೂ ಸದ್ದನ್ನೂ ಹೊತ್ತವರು ಇನ್ನೊಂದು ಕಡೆ!

1970ರ ದಶಕದಲ್ಲಿ ಈ ಮಾರ್ಗವನ್ನು ಕೆಡವಿ ಸುರಂಗಮಾರ್ಗ ಮಾಡುವ ಯೋಜನೆಯಿತ್ತು. 1979ರಲ್ಲಿ ಅದನ್ನು ಕೈಬಿಡಲಾಯಿತು. ಇಂದಿಗೂ ಅದರ ಮೇಲೆ ರೈಲುಗಳು ಓಡುತ್ತಿವೆ. ಇದನ್ನು ಕುರೂಪವೆಂದು ಹಳಿಯುವವರೂ ಸ್ಮಾರಕವೆಂದು ಹೊಗಳುವವರೂ ಅದರ ರೂಪವನ್ನಷ್ಟೇ ನೋಡುತ್ತಾರೆಂಬುದು ನಮ್ಮ ಆಕ್ಷೇಪಣೆ. ಅದು ಬೀದಿಯನ್ನು ಉಳಿಸಿತು, ಬೆಳಕನ್ನು ಕಸಿಯಿತು. ಎರಡನ್ನೂ ಒಟ್ಟಿಗೆ ತೂಗಬೇಕು.

ಹರಿಹರದಲ್ಲಿಯೂ ರೈಲು ತುಂಗಭದ್ರೆಯ ಮೇಲೆ ಎತ್ತರದಲ್ಲಿಯೇ ಸಾಗುತ್ತದೆ. ಅಲ್ಲಿ ಕೆಳಗಿರುವುದು ಹೊಳೆ. ಅಂಗಡಿಯ ಬಾಗಿಲಲ್ಲ, ಮನೆಯ ಕಿಟಕಿಯಲ್ಲ. ಪೇಟೆಯ ನಡುವೆ ಎತ್ತುವ ಕಂಬದ ವಿಚಾರ ಬೇರೆ. 2011ರಲ್ಲಿ ಬೆಂಗಳೂರಿನ ಮಹಾತ್ಮಾಗಾಂಧಿ ರಸ್ತೆಗೆ ಮೇಲುಮಾರ್ಗದ ಮೆಟ್ರೊ ಬಂದಮೇಲೆ ಇದು ಕನ್ನಡನಾಡಿನ ಪ್ರಶ್ನೆಯೂ ಆಗಿದೆ. ದಾವಣಗೆರೆಯ ಇತಿಹಾಸವನ್ನು ಬರೆಯುವವರು ರೈಲಿನಿಂದ ಹತ್ತಿಯ ವ್ಯಾಪಾರಕ್ಕಾದ ಲಾಭವನ್ನು ಹೇಳಿದರೆ ಸಾಲದು. ಹಳಿಯು ನೆಲದಲ್ಲಿರಲಿ, ಮೇಲಿರಲಿ, ಅದರ ಭಾರವನ್ನು ಹೊತ್ತವರು ಯಾರು, ಅವರನ್ನು ಕೇಳಿದವರು ಯಾರು ಎಂಬುದನ್ನೂ ಶೋಧಿಸಬೇಕು.